ಇಲಿಗೆ ಹೋದ ಮರೆವು ಆಯಿಗೆ ಯಾಕೆ ಹೋಗುತ್ತಿಲ್ಲ?

ಹೋದ ತಿಂಗಳು ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಕಾಕಾ ಒಂದು ಸುದ್ದಿ ಹಾಕಿದರು. "ಮರೆವಿನ ಕಾಯಿಲೆಗೆ ಮದ್ದು ಸಿಕ್ಕಿತು" ಅಂತ ದಪ್ಪಕ್ಷರದ ತಲೆಬರಹ, ಕೆಳಗೆ ಬಿಳಿ ಇಲಿಯ ಫೋಟೊ. ಜೊತೆಗೆ ಕಾಕಾ ಒಂದೇ ಸಾಲು ಬರೆದಿದ್ದರು: "ಇದು ಹೈದರಾಬಾದಿನಾಗ ಸಿಗ್ತದೇನು, ಸ್ವಲ್ಪ ನೋಡು."

ಕೇಳಿದ್ದು ನಮ್ಮ ಆಯಿಗಾಗಿ, ಅಂದರೆ ಅಜ್ಜಿಗಾಗಿ. ಆಯಿಗೆ ಎಂಬತ್ತು ದಾಟಿದೆ. ಕಲಬುರಗಿಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಸಂಜೆಯಾದರೆ ಸಾಕು, ಬಾಗಿಲ ಹತ್ತಿರ ಬಂದು ನಿಂತು "ನಮ್ಮೂರಿಗಿ ಯಾವಾಗ ಹೋಗಾದು?" ಅಂತಾಳೆ. ಆ ಊರಿನ ಮನೆ ಮಾರಿ ಇಪ್ಪತ್ತು ವರ್ಷವಾಯಿತು. ಹಾಗಾಗಿ ಕಾಕಾನ ಆ ಒಂದು ಸಾಲಿನ ಹಿಂದೆ ಎಷ್ಟು ಆಸೆ ಇತ್ತು ಅಂತ ನನಗೆ ಗೊತ್ತು. ಸುಮ್ನೆ "ಇಲ್ಲ ಕಾಕಾ, ಸಿಗಲ್ಲ" ಅಂತ ಬರೆದು ಮುಗಿಸೋಕೆ ಮನಸ್ಸಾಗಲಿಲ್ಲ. ಇಲಿಗೆ ವಾಸಿಯಾಯಿತು ಅಂದರೆ ಏನಾಯಿತು, ಅದು ಮನುಷ್ಯರ ತನಕ ಯಾಕೆ ಬರುತ್ತಿಲ್ಲ ಅಂತ ಪೂರ್ತಿ ಹೇಳಬೇಕು ಅನ್ನಿಸಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಇದನ್ನು ಕಾಯಿಲೆ ಅಂತ ಕರೆಯುವವರೇ ಕಡಿಮೆ. ಅರವತ್ತಕ್ಕೆ ಅರಳು ಮರಳು ಅಂದುಬಿಟ್ಟರೆ ಮುಗಿಯಿತು, ಅಲ್ವಾ? ಆದರೆ ಇದು ಮೆದುಳಿನ ಕಾಯಿಲೆ, ವಯಸ್ಸಿನ ಸಹಜ ಮರೆವಲ್ಲ. 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಎಂಬ ದೇಶಮಟ್ಟದ ಅಧ್ಯಯನದ ಅಂದಾಜಿನಂತೆ, 60 ದಾಟಿದ ಭಾರತೀಯರಲ್ಲಿ 7.4% ಜನರಿಗೆ ಡಿಮೆನ್ಷಿಯಾ, ಅಂದರೆ ಈ ಮರೆವಿನ ಕಾಯಿಲೆ, ಇದೆ. ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಡಿಮೆನ್ಷಿಯಾ ಅನ್ನುವುದು ಒಂದೇ ಕಾಯಿಲೆಯ ಹೆಸರೂ ಅಲ್ಲ. ಅಲ್ಝೈಮರ್ ಅದರಲ್ಲಿ ದೊಡ್ಡ ಪಾಲು. ಮೆದುಳಿನ ರಕ್ತನಾಳ ಕೆಟ್ಟು ಬರುವುದು ಇನ್ನೊಂದು. ವಯಸ್ಸಾದವರಲ್ಲಿ ಎಷ್ಟೋ ಸಲ ಎರಡೂ ಕೂಡಿಕೊಂಡೇ ಇರುತ್ತವೆ.

ಈಗ ಇಲಿಯ ವಿಷಯ. ಇಲಿಗೆ ತಾನಾಗಿ ಅಲ್ಝೈಮರ್ ಬರುವುದಿಲ್ಲ. ಲ್ಯಾಬಿನ ಇಲಿ ಬದುಕುವುದೇ ಎರಡು-ಮೂರು ವರ್ಷ. ಹಾಗಾದರೆ ಆ ಸುದ್ದಿಯ ಇಲಿಗೆ ಕಾಯಿಲೆ ಎಲ್ಲಿಂದ ಬಂತು? ಮನುಷ್ಯರೇ ತಂದಿಟ್ಟಿದ್ದು.

ಜರ್ಮನಿಯ ವೈದ್ಯ ಅಲೋಯ್ಸ್ ಅಲ್ಝೈಮರ್ 1906ರಲ್ಲಿ ಆಗುಸ್ಟೆ ಡೆಟೆರ್ ಎಂಬ ಹೆಂಗಸಿನ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಕೆ ಆಸ್ಪತ್ರೆ ಸೇರಿದಾಗ ವಯಸ್ಸು ಬರೀ 51. ಅಲ್ಲಿ ಎರಡು ಕಂಡವು: ನರಕೋಶಗಳ ನಡುವೆ ಗಟ್ಟಿಯಾದ ಮುದ್ದೆಗಳು, ಕೋಶಗಳ ಒಳಗೆ ಸಿಕ್ಕುಬಿದ್ದ ದಾರದಂಥ ಗಂಟುಗಳು. ಮುದ್ದೆಯಲ್ಲಿರುವುದು ಅಮೈಲಾಯ್ಡ್ ಬೀಟಾ ಎಂಬ ಪ್ರೋಟೀನ್, ಸಿಕ್ಕಿನಲ್ಲಿರುವುದು ಟೌ ಎಂಬ ಪ್ರೋಟೀನ್ ಅಂತ ಮುಂದೆ ಗೊತ್ತಾಯಿತು. 1991ರಲ್ಲಿ ಲಂಡನ್ನಿನ ಸಂಶೋಧಕರು ಒಂದು ಕುಟುಂಬವನ್ನು ನೋಡಿದರು. ಆ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ, ಐವತ್ತರ ಹೊತ್ತಿಗೇ ಅಲ್ಝೈಮರ್ ಬರುತ್ತಿತ್ತು. ಅಮೈಲಾಯ್ಡ್ ಹುಟ್ಟುವ ಮೂಲ ಪ್ರೋಟೀನಿನ ಜೀನ್‌ನಲ್ಲೇ, ಅಂದರೆ ಎಪಿಪಿ ಜೀನ್‌ನಲ್ಲೇ ದೋಷ ಇತ್ತು. ಅಂಥ ದೋಷದ ಮಾನವ ಜೀನ್ ಇಲಿಯ ಭ್ರೂಣಕ್ಕೆ ಸೇರಿಸಿದರೆ? ಹಾಗೆ ಮುದ್ದೆ ಚೆನ್ನಾಗಿ ಕಟ್ಟುವ ಮೊದಲ ಇಲಿ 1995ರಲ್ಲಿ ಬಂತು. ಮರುವರ್ಷ ಟಿಜಿ2576 ಎಂಬ ಇನ್ನೊಂದು ತಳಿ. 2006ರಲ್ಲಿ 5ಎಕ್ಸ್‌ಎಫ್‌ಎಡಿ ಎಂಬ ತಳಿ ಬಂತು. ಅದರಲ್ಲಿ ಬೇರೆ ಬೇರೆ ಕುಟುಂಬಗಳಲ್ಲಿ ಸಿಕ್ಕ ಐದು ದೋಷಗಳನ್ನು ಒಂದೇ ಇಲಿಯಲ್ಲಿ ತುಂಬಿದ್ದಾರೆ. ಎರಡೇ ತಿಂಗಳಿಗೆ ಅದರ ಮೆದುಳಲ್ಲಿ ಮುದ್ದೆ ಶುರು.

ಲೋಕದಲ್ಲಿ ಐದೂ ದೋಷ ಒಟ್ಟಿಗೆ ಇರುವ ಮನುಷ್ಯ ಇಲ್ಲ. ಇಂಥ ಒಂದು ದೋಷದಿಂದ ಅಲ್ಝೈಮರ್ ಬರುವ ಕುಟುಂಬಗಳೇ ಒಟ್ಟು ರೋಗಿಗಳಲ್ಲಿ 1%ಗಿಂತ ಕಡಿಮೆ. ನಮ್ಮ ಆಯಿ ಉಳಿದ 99ರಲ್ಲಿ ಬರುತ್ತಾಳೆ. ಇಷ್ಟು ಮಾಡಿದರೂ ಆ ಇಲಿಗಳಲ್ಲಿ ಮುದ್ದೆ ಬರುತ್ತದೆಯೇ ಹೊರತು ಟೌ ಸಿಕ್ಕು ಸಾಮಾನ್ಯವಾಗಿ ಬರುವುದಿಲ್ಲ. ಟಿಜಿ2576ರಂಥ ತಳಿಯಲ್ಲಿ ನರಕೋಶಗಳು ಹೇಳಿಕೊಳ್ಳುವಷ್ಟು ಸಾಯುವುದೂ ಇಲ್ಲ. ಮನುಷ್ಯನ ಮೆದುಳು ಕುಗ್ಗುತ್ತಾ ಹೋಗುವುದೇ ಈ ಕಾಯಿಲೆಯ ಮುಖ್ಯ ಕಷ್ಟ. ಅದು ಅಲ್ಲಿ ಇಲ್ಲ.

ಇದನ್ನು ಕಾಕಾಗೆ ಹೇಳುವಾಗ ನಾನು ತೊಗರಿಯ ಮಾತು ತೆಗೆದೆ. ಕಲಬುರಗಿಯವರಿಗೆ ಇದಕ್ಕಿಂತ ಸುಲಭವಾದ ದಾರಿ ಇಲ್ಲ. ತೊಗರಿ ಗಿಡ ಒಣಗಿಸುವ ನೆಟೆ ರೋಗ ತಡೆಯುವ ತಳಿ ಹುಡುಕುವಾಗ ಕೃಷಿ ವಿಜ್ಞಾನಿಗಳು ಏನು ಮಾಡುತ್ತಾರೆ? ನೆಟೆಯ ಶಿಲೀಂಧ್ರವನ್ನು ಬೇಕಂತಲೇ ಮಣ್ಣಲ್ಲಿ ಬೆಳೆಸಿದ ಒಂದು ತಾಕು ಇಟ್ಟುಕೊಂಡಿರುತ್ತಾರೆ. ಸಿಕ್ ಪ್ಲಾಟ್ ಅಂತಾರೆ. ಅಲ್ಲಿ ನೂರಾರು ಸಾಲು ಬಿತ್ತುತ್ತಾರೆ. ಯಾವುದು ಒಣಗಿತು, ಯಾವುದು ನಿಂತಿತು ಅಂತ ನೋಡುತ್ತಾರೆ. ನಮ್ಮ ರೈತರಿಗೆ ಗೊತ್ತಿರುವ ಟಿಎಸ್-3ಆರ್‌ನಂಥ ನೆಟೆ ತಡೆಯುವ ತಳಿಗಳನ್ನು ಆರಿಸುವ ದಾರಿ ಇದು. ಆ ತಾಕು ಬೇಕೇ ಬೇಕು. ಆದರೆ ಆ ತಾಕಿನಲ್ಲಿ ಇರುವುದು ಒಂದೇ ಪ್ರಶ್ನೆ: ಈ ಶಿಲೀಂಧ್ರಕ್ಕೆ ಈ ಗಿಡ ತಡೆಯುತ್ತದೋ ಇಲ್ಲವೋ? ರೈತನ ಹೊಲದಲ್ಲಿ ಮಳೆ ಕೈಕೊಡುತ್ತದೆ, ಇಲ್ಲ ನಿಂತ ನೀರು ಬೇರು ಕೊಳೆಸುತ್ತದೆ, ಕಾಯಿಕೊರಕ ಬರುತ್ತದೆ, ಹೂವಿನ ಹೊತ್ತಿಗೆ ಮಂಜು ಬೀಳುತ್ತದೆ. 2022-23ರ ಹಂಗಾಮಿನಲ್ಲಿ ಜಿಲ್ಲೆಯ ಹೊಲ ಹೊಲವೇ ಒಣಗಿ ನಿಂತಿದ್ದನ್ನು ನೋಡಿದವರಿಗೆ ತಾಕಿಗೂ ಹೊಲಕ್ಕೂ ಇರುವ ಅಂತರ ಬಿಡಿಸಿ ಹೇಳಬೇಕಾಗಿಲ್ಲ. ಅಮೈಲಾಯ್ಡ್ ಇಲಿ ಅಂದರೆ ಇಂಥ ಒಂದು ತಾಕು. ಅದು ಕೊಡುವುದು ಒಂದೇ ಪ್ರಶ್ನೆಗೆ ಉತ್ತರ: ಈ ಮದ್ದು ಈ ಮುದ್ದೆಯನ್ನು ಕರಗಿಸುತ್ತದೋ? ತಪ್ಪಾಗಿದ್ದು ಏನೆಂದರೆ, ತಾಕಿನ ಉತ್ತರವನ್ನು ಹೊಲದ ಉತ್ತರ ಅಂತ ನಂಬಿದ್ದು.

ಆ ನಂಬಿಕೆಯ ಬೆಲೆ ದೊಡ್ಡದು. 1999ರಲ್ಲಿ ಒಂದು ಲಸಿಕೆ ಇಲಿಗಳಲ್ಲಿ ಅಮೈಲಾಯ್ಡ್ ಮುದ್ದೆ ಬರದಂತೆ ತಡೆಯಿತು, ಆಗಲೇ ಇದ್ದದ್ದನ್ನೂ ಕಡಿಮೆ ಮಾಡಿತು. ಎಲ್ಲರಿಗೂ ಖುಷಿಯೋ ಖುಷಿ. ಎಎನ್1792 ಎಂಬ ಹೆಸರಲ್ಲಿ ಅದನ್ನು ಮನುಷ್ಯರಿಗೆ ಕೊಟ್ಟರು. ಲಸಿಕೆ ಪಡೆದ ಸುಮಾರು 300 ಜನರಲ್ಲಿ 18 ಮಂದಿಗೆ ಮೆದುಳು ಊತ ಬಂತು. 2002ರಲ್ಲಿ ನಿಲ್ಲಿಸಬೇಕಾಯಿತು. ಅದಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಆಮೇಲಿನ ಸಂಗತಿ. ಲಸಿಕೆ ಪಡೆದವರಲ್ಲಿ ಕೆಲವರು ವರ್ಷಗಳ ನಂತರ ತೀರಿಕೊಂಡಾಗ ಅವರ ಮೆದುಳು ಪರೀಕ್ಷಿಸಿದರು. ಕೆಲವರಲ್ಲಿ ಮುದ್ದೆ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಆದರೂ ಅವರು ಸಾಯುವಾಗ ತೀವ್ರ ಮರೆವಿನಲ್ಲೇ ಇದ್ದರು. ಇಲಿ ಹೇಳಿದ್ದು ನಿಜವಾಗಿತ್ತು. ಮುದ್ದೆ ಹೋಯಿತು. ಮನುಷ್ಯರು ಮಾತ್ರ ಮರಳಿ ಬರಲಿಲ್ಲ.

2002ರಿಂದ 2012ರವರೆಗೆ ನಡೆದ ಅಲ್ಝೈಮರ್ ಮದ್ದಿನ ಪ್ರಯೋಗಗಳನ್ನು ಲೆಕ್ಕ ಹಾಕಿದವರು ಸೋಲಿನ ಪ್ರಮಾಣ 99.6% ಅಂತ ಬರೆದರು. ನೂರಕ್ಕೆ ಒಂದೂ ಪಾಸಾಗಲಿಲ್ಲ ಅಂದಂತೆ.

ಹಾಗಂತ ಇಲಿಯನ್ನು ಪೂರ್ತಿ ಬೈದರೆ ಅನ್ಯಾಯವಾಗುತ್ತದೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಎಂಬ ಮದ್ದಿಗೆ ಮೂಲ ಸ್ವೀಡನ್ ದೇಶದ ಉತ್ತರ ಭಾಗದ ಒಂದು ಕುಟುಂಬದ ಜೀನ್ ದೋಷ, ಮತ್ತೆ ಅದೇ ದೋಷ ತುಂಬಿದ ಇಲಿಗಳು. ಮದ್ದಿನ ಮೊದಲ ರೂಪ ಇಲಿಯಿಂದಲೇ ಬಂದ ಪ್ರತಿಕಾಯ, ಅಂದರೆ ಬೇಡದ ವಸ್ತುವನ್ನು ಹಿಡಿಯಲು ದೇಹ ತಯಾರಿಸುವ ಪ್ರೋಟೀನ್. ಸುಮಾರು 1,800 ಜನರ ಮೇಲೆ 18 ತಿಂಗಳು ನಡೆದ ಪ್ರಯೋಗದಲ್ಲಿ ಅದು ಕಾಯಿಲೆಯ ಇಳಿತವನ್ನು 27% ನಿಧಾನ ಮಾಡಿತು. ಕೇಳೋಕೆ ದೊಡ್ಡದು. ಆದರೆ 18 ಅಂಕದ ಅಳತೆಯಲ್ಲಿ ವ್ಯತ್ಯಾಸ 0.45. ಮನೆಯವರ ಕಣ್ಣಿಗೆ ಬೀಳುವುದು ಕಷ್ಟ. ಕೆಲವರಿಗೆ ಮೆದುಳಲ್ಲಿ ಊತ, ರಕ್ತ ಒಸರುವುದು ಆಗುತ್ತದೆ, ಅದಕ್ಕೆ ಪದೇ ಪದೇ ಎಂಆರ್‌ಐ ಮಾಡಿಸಬೇಕು. ಈ ರಕ್ತ ಒಸರುವ ಅಪಾಯವನ್ನು ಇಲಿಗಳು 2002ರಲ್ಲೇ ತೋರಿಸಿದ್ದವು! ವಯಸ್ಸಾದ ಅಮೈಲಾಯ್ಡ್ ಇಲಿಗಳಿಗೆ ಇಂಥದ್ದೇ ಪ್ರತಿಕಾಯ ಕೊಟ್ಟಾಗ ಮೆದುಳಲ್ಲಿ ರಕ್ತ ಒಸರಿತ್ತು. ಅಂದರೆ ಸರಿಯಾದ ವಯಸ್ಸಿನ ಇಲಿಗೆ ಸರಿಯಾದ ಪ್ರಶ್ನೆ ಕೇಳಿದಾಗ ಅದು ಸರಿಯಾಗಿಯೇ ಹೇಳಿತು.

ಸೋಲಿಗೆಲ್ಲ ಇಲಿಯೇ ಕಾರಣ ಅಲ್ಲ ಅನ್ನೋದಕ್ಕೆ ಇನ್ನೊಂದು ಕಾಯಿಲೆಯ ಕಥೆ ಸಾಕು. ಎಎಲ್‌ಎಸ್ ಅಂತ, ಸ್ನಾಯು ನಡೆಸುವ ನರಗಳು ಸಾಯುವ ಕಾಯಿಲೆ. 1994ರಿಂದ ಅದಕ್ಕೊಂದು ಇಲಿ ತಳಿ ಇದೆ. ಆ ಇಲಿಗಳ ಆಯಸ್ಸು ಹೆಚ್ಚಿಸಿತು ಅಂತ ಹತ್ತಾರು ಮದ್ದುಗಳ ವರದಿ ಬಂದವು. 2008ರಲ್ಲಿ ಅಮೆರಿಕದ ಒಂದು ಸಂಸ್ಥೆ 70ಕ್ಕೂ ಹೆಚ್ಚು ಮದ್ದುಗಳನ್ನು ಶಿಸ್ತಾಗಿ ಮತ್ತೆ ಪರೀಕ್ಷಿಸಿದ್ದನ್ನು ಪ್ರಕಟಿಸಿತು. ಗಂಡು-ಹೆಣ್ಣು ಸಮ, ಒಂದೇ ಸೂಲಿನ ಮರಿಗಳನ್ನು ಎರಡೂ ಗುಂಪಿಗೆ ಹಂಚಿ, ಪ್ರತಿ ಗುಂಪಿನಲ್ಲಿ ಸಾಕಷ್ಟು ಇಲಿ. ಒಂದೂ ಕೆಲಸ ಮಾಡಲಿಲ್ಲ. ಮೊದಲಿನ ಗೆಲುವುಗಳಲ್ಲಿ ಹೆಚ್ಚಿನವು ನಾಲ್ಕಾರು ಇಲಿಗಳ ಆಕಸ್ಮಿಕ. ಅಷ್ಟರಲ್ಲಿ ಇಲಿಯಲ್ಲಿ ಗೆದ್ದಿದ್ದ ಮಿನೋಸೈಕ್ಲಿನ್ ಅನ್ನು ರೋಗಿಗಳಿಗೆ ಕೊಟ್ಟೂ ಆಗಿತ್ತು. 2007ರ ಆ ಪ್ರಯೋಗದಲ್ಲಿ ಮದ್ದು ತೆಗೆದುಕೊಂಡವರು ತೆಗೆದುಕೊಳ್ಳದವರಿಗಿಂತ ಬೇಗ ಹದಗೆಟ್ಟರು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಇಲಿಗಳ ಲೆಕ್ಕವನ್ನೇ ಸರಿಯಾಗಿ ಇಟ್ಟಿದ್ದರೆ ಆ ರೋಗಿಗಳನ್ನು ಆ ದಾರಿಗೆ ಎಳೆಯಬೇಕಿತ್ತಾ? ಅಲ್ಝೈಮರ್ ಲೋಕದಲ್ಲಂತೂ ಟಿಜಿ2576 ಇಲಿಗಳ ಮೇಲೆ 2006ರಲ್ಲಿ ಬಂದ ಬಹಳ ಹೆಸರಾದ ಒಂದು ಪ್ರಬಂಧವನ್ನು 2024ರಲ್ಲಿ ಹಿಂಪಡೆದರು, ಚಿತ್ರಗಳನ್ನು ತಿದ್ದಿದ್ದು ಗೊತ್ತಾಗಿ.

ಇಲಿಗೆ ಮರೆವು ಬಂದಿದೆ ಅಂತ ತಿಳಿಯುವುದಾದರೂ ಹೇಗೆ? ಹೆಚ್ಚಿನ ಲ್ಯಾಬ್‌ಗಳಲ್ಲಿ ಒಂದು ನೀರಿನ ತೊಟ್ಟಿ ಇರುತ್ತದೆ. ರಿಚರ್ಡ್ ಮಾರಿಸ್ ಎಂಬ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ಮಾಡಿದ ಪರೀಕ್ಷೆ. ಹಾಲಿನಂತೆ ಮಬ್ಬಾದ ನೀರು, ಅದರೊಳಗೆ ಎಲ್ಲೋ ಮುಳುಗಿಸಿಟ್ಟ ಒಂದು ಕಟ್ಟೆ. ಇಲಿ ಈಜಿ ಈಜಿ ಆ ಕಟ್ಟೆ ಹುಡುಕಬೇಕು, ಮರುದಿನ ಗೋಡೆಯ ಗುರುತು ನೋಡಿ ನೆನಪಿಟ್ಟು ನೇರ ಹೋಗಬೇಕು. ಮಾರಿಸ್ ಇದನ್ನು ಮಾಡಿದ್ದು ದೊಡ್ಡ ಜಾತಿಯ ಇಲಿಗೆ. ಅದು ಒಳ್ಳೆ ಈಜುಗಾರ. ಜೀನ್ ತುಂಬಿದ ತಳಿಗಳೆಲ್ಲ ಹೆಚ್ಚಾಗಿ ಸಣ್ಣ ಇಲಿಗಳು. ಅವಕ್ಕೆ ನೀರೆಂದರೆ ಗಾಬರಿ, ಕೆಲವು ಸುಮ್ಮನೆ ತೇಲುತ್ತಾ ಇದ್ದುಬಿಡುತ್ತವೆ. ಇನ್ನೂ ಒಂದಿದೆ. ಕೆಲವು ಲ್ಯಾಬ್ ತಳಿಗಳ ರಕ್ತದಲ್ಲೇ ಕಣ್ಣು ಕುರುಡಾಗುವ ಒಂದು ಜೀನ್ ಇದೆ. ಟಿಜಿ2576ಕ್ಕೆ ಬಳಸಿದ ತಳಿಯಲ್ಲೂ ಅದು ಇತ್ತು. ಅದನ್ನು ನೋಡಿಕೊಳ್ಳದಿದ್ದರೆ ಗೋಡೆಯ ಗುರುತು ಕಾಣದ ಕುರುಡು ಇಲಿಗೂ "ಮರೆವು" ಅಂತ ಬರೆದುಕೊಳ್ಳಬೇಕಾಗುತ್ತದೆ.

ಇದನ್ನು ಓದುವಾಗ ನನಗೆ ಆಯಿಯ ಪರೀಕ್ಷೆ ನೆನಪಾಯಿತು. ಮೂರು ವರ್ಷದ ಹಿಂದೆ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಹೊರಗೆ ಜನವೋ ಜನ, ಒಳಗೆ ಫ್ಯಾನಿನ ಸದ್ದು. ಅಲ್ಲಿದ್ದವರು ತಲೆ ಎತ್ತದೆ ಕೇಳಿದರು: ಇವತ್ತು ತಾರೀಖು ಎಷ್ಟು? ನೂರರಿಂದ ಏಳು ಏಳು ಕಳೆಯುತ್ತಾ ಹೋಗಿ. ಒಂದು ವಾಕ್ಯ ಬರೆಯಿರಿ. ಆಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತಾರೀಖು ಅವಳಿಗೆ ಯಾವತ್ತೂ ಗೊತ್ತಿರಲಿಲ್ಲ, ಚೆನ್ನಾಗಿದ್ದಾಗಲೂ. ಅವಳ ಕಾಲ ನಡೆಯುವುದು ಪಂಚಮಿ, ಅಮಾಸಿ, ಹುಣ್ಣಿಮೆಯ ಮೇಲೆ. ಜೊತೆಗೆ ಕಿವಿ ಮಂದ. ಅರ್ಧ ಪ್ರಶ್ನೆ ಕೇಳಿಸಲೇ ಇಲ್ಲ. ಐದು ನಿಮಿಷದಲ್ಲಿ ಅಂಕ ಹಾಕಿ ಕಳಿಸಿದರು. ಅವಳಿಗೆ ಕಾಯಿಲೆ ಇದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅದು ನಮಗೆ ಗೊತ್ತಾಗಿದ್ದು ಆ ಅಂಕದಿಂದ ಅಲ್ಲ. ಅದಕ್ಕೂ ಮೊದಲು, ಒಂದು ಎಳ್ಳ ಅಮಾಸಿಯ ಮುಂಜಾನೆ, ಅರವತ್ತು ವರ್ಷದಿಂದ ಮಾಡುತ್ತಾ ಬಂದ ಭಜ್ಜಿ ಪಲ್ಯದ ಮುಂದೆ ಸೌಟು ಹಿಡಿದು, ಮುಂದೇನು ಹಾಕಬೇಕು ಅಂತ ತಿಳಿಯದೆ ನಿಂತುಬಿಟ್ಟಿದ್ದಳಲ್ಲ, ಆಗ ಗೊತ್ತಾಯಿತು.

ಓದು ಬರಹ ಬಾರದವರಿಗೆ ಹೊಂದುವ ಪರೀಕ್ಷೆ ಮಾಡೋಕೆ ಆಗಲ್ಲ ಅಂತೇನಿಲ್ಲ. ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ 1990ರ ದಶಕದಲ್ಲೇ ಇಂಗ್ಲಿಷ್ ಪರೀಕ್ಷೆಯನ್ನು ಅಲ್ಲಿಯ ಜನರ ಬದುಕಿಗೆ ತಕ್ಕಂತೆ ಹಿಂದಿಗೆ ಹೊಂದಿಸಿಕೊಂಡರು. ನಮ್ಮ ಭಾಗಕ್ಕೆ ಇದು ಚಿಕ್ಕ ವಿಷಯ ಅಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು 52%, ಇಡೀ ರಾಜ್ಯದಲ್ಲೇ ಕಡಿಮೆ. ಆಗ ಅರವತ್ತು ದಾಟಿದ್ದ ಹೆಂಗಸರಲ್ಲಿ ಎಷ್ಟು ಜನ ಸಹಿ ಮಾಡುತ್ತಿದ್ದರು, ನೀವೇ ಯೋಚಿಸಿ.

ಇಲಿಯ ಬದುಕನ್ನೂ ಒಮ್ಮೆ ನೋಡಿ. ಒಂದೇ ತಳಿಯೊಳಗಿನ ಇಲಿಗಳೆಲ್ಲ ಜೀನ್ ಲೆಕ್ಕದಲ್ಲಿ ಅವಳಿ-ಜವಳಿ ಇದ್ದ ಹಾಗೆ. ವರ್ಷವಿಡೀ 22 ಡಿಗ್ರಿಯ ಕೋಣೆ, ಒಂದೇ ಬಗೆಯ ಆಹಾರ, ಶುದ್ಧ ನೀರು. ಇಲಿಗೆ ಹಿತವಾಗಿರುವುದು 30 ಡಿಗ್ರಿಯ ಆಸುಪಾಸು, ಹಾಗಾಗಿ ಅದು ಅಲ್ಲಿ ಸದಾ ಸ್ವಲ್ಪ ಚಳಿಯಲ್ಲೇ ಇರುತ್ತದೆ. ಮದ್ದು ಕೊಡುವಾಗ ಅದರ ವಯಸ್ಸು ಎಷ್ಟೋ ಸಲ ಆರು ತಿಂಗಳು, ಮನುಷ್ಯರ ಲೆಕ್ಕದಲ್ಲಿ ಸುಮಾರು ಮೂವತ್ತು. ಅದಕ್ಕೆ ಬಿಪಿ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ಒಲೆಯ ಹೊಗೆ ಇಲ್ಲ, ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಕಳೆ ಕಿತ್ತ ಬೆನ್ನಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ಲೆಕ್ಕದಲ್ಲಿ, ಲೋಕದ ಡಿಮೆನ್ಷಿಯಾದಲ್ಲಿ ಸುಮಾರು 45% ಬದಲಿಸಬಹುದಾದ 14 ಕಾರಣಗಳಿಗೆ ತಳಕು ಹಾಕಿಕೊಂಡಿದೆ. ಕಡಿಮೆ ಓದು, ಕಿವಿ ಕೇಳಿಸದಿರುವುದು, ಕಣ್ಣು ಕಾಣದಿರುವುದು, ಬಿಪಿ, ಸಕ್ಕರೆ, ಕೆಟ್ಟ ಕೊಲೆಸ್ಟ್ರಾಲ್, ತಂಬಾಕಿನ ಹೊಗೆ, ಹೊಗೆ ತುಂಬಿದ ಗಾಳಿ, ಒಂಟಿತನ, ಹೀಗೆ. ನಮ್ಮ ಓಣಿಯ ಯಾವುದೇ ಮುದುಕಿಯ ಚೀಟಿ ತೆಗೆದು ನೋಡಿ, ಇದರಲ್ಲಿ ನಾಲ್ಕೈದು ಸಿಗುತ್ತವೆ. ಶಾಲೆಗೆ ಹೋಗದೇ ಉಳಿದದ್ದನ್ನು ಇಲಿಯಲ್ಲಿ ಹೇಗೆ ಮೂಡಿಸುತ್ತೀರಿ? ಪಂಜರದೊಳಗೆ ಚಕ್ರ, ಕೊಳವೆ, ಆಟಿಕೆ ಹಾಕಿ ನೋಡಿದ್ದಾರೆ. ಒಂದು ಲ್ಯಾಬಿನಲ್ಲಿ ಮುದ್ದೆ ಕಡಿಮೆಯಾಯಿತು, ಇನ್ನೊಂದರಲ್ಲಿ ಜಾಸ್ತಿಯಾಯಿತು.

ಹಾಗಾದರೆ ಪ್ರಾಣಿಗಳ ಮೇಲಿನ ಪ್ರಯೋಗವೇ ಬೇಡ ಅಂತ ಕೆಲವರು ಹೇಳುತ್ತಾರೆ. ನಾನು ಅಲ್ಲಿಗೆ ಹೋಗುವುದಿಲ್ಲ. ಮೈ ಬಿಗಿದು ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆಯ ಉದಾಹರಣೆ ನನ್ನ ಕೈ ಕಟ್ಟುತ್ತದೆ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳದಾರಿಯಲ್ಲಿ ತಯಾರಾದ ಮಾದಕ ಚುಚ್ಚಿಕೊಂಡ ಕೆಲವು ಯುವಕರು ಏಕಾಏಕಿ ಕಲ್ಲಿನಂತೆ ಬಿಗಿದುಹೋದರು. ಎಂಪಿಟಿಪಿ ಎಂಬ ಕಲಬೆರಕೆ ಅದರಲ್ಲಿತ್ತು. ಅದೇ ವಸ್ತು ದೊಡ್ಡ ಇಲಿಗೆ ಅಷ್ಟಾಗಿ ತಾಗುವುದಿಲ್ಲ, ಕೋತಿಗೆ ಮನುಷ್ಯರಂತೆಯೇ ತಾಗುತ್ತದೆ. ಆ ಕೋತಿಗಳಲ್ಲಿ ಮೆದುಳಿನ ಒಂದು ಪುಟ್ಟ ಭಾಗ ಅತಿಯಾಗಿ ಕೆಲಸ ಮಾಡುತ್ತಿರುವುದು ಕಂಡಿತು. 1990ರಲ್ಲಿ ಅದನ್ನು ಸುಮ್ಮನಾಗಿಸಿದಾಗ ಕೋತಿಗಳ ಬಿಗಿತ ಕಡಿಮೆಯಾಯಿತು. ಇವತ್ತು ಪಾರ್ಕಿನ್ಸನ್ ರೋಗಿಗಳಿಗೆ ಮೆದುಳಲ್ಲಿ ವಿದ್ಯುತ್ ತಂತಿ ಇಡುವ ಡಿಬಿಎಸ್ ಚಿಕಿತ್ಸೆಗೆ ಮುಖ್ಯ ಆಧಾರ ಅದು. ಆ ಕೋತಿಗಳು ಪಟ್ಟ ನೋವು ನಿಜ. ಆ ಚಿಕಿತ್ಸೆಯಿಂದ ಮತ್ತೆ ತಾವೇ ಊಟ ಮಾಡುವಂತಾದವರೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಮಾತಾಡಬೇಕು.

ನನ್ನ ತಕರಾರು ವ್ಯರ್ಥವಾಗಿ ಸಾಯುವ ಪ್ರಾಣಿಗಳ ಬಗ್ಗೆ. ಆರು ಇಲಿ ಇಟ್ಟುಕೊಂಡು ಅವಸರದಲ್ಲಿ ಬರೆದ ಪ್ರಬಂಧದಲ್ಲಿ ಆ ಆರೂ ಸುಮ್ನೆ ಸತ್ತಂತೆ. ಕಡಿಮೆ ಬಳಸು, ನೋವು ತಗ್ಗಿಸು, ಬೇರೆ ದಾರಿ ಇದ್ದರೆ ಅದನ್ನು ಹಿಡಿ ಅನ್ನುವ ಮಾತು 1959ರಿಂದಲೇ ಇದೆ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಲ್ಯಾಬ್ ಪ್ರಯೋಗಕ್ಕೆ ಸಮಿತಿಯ ಅನುಮತಿ ಬೇಕು. 2023ರಲ್ಲಿ ಹೊಸ ಮದ್ದುಗಳ ನಿಯಮ ತಿದ್ದಿ, ಪ್ರಾಣಿಯಿಲ್ಲದ ವಿಧಾನಗಳನ್ನೂ ಒಪ್ಪಿದ್ದಾರೆ. ಅಮೆರಿಕ 2022ರ ಕೊನೆಗೆ ಇಂಥದ್ದೇ ಕಾನೂನು ಮಾಡಿತು. ರೋಗಿಯ ಚರ್ಮದ ಕೋಶವನ್ನು, ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕಾಂಡಕೋಶವಾಗಿ ತಿರುಗಿಸಿ, ಅದರಿಂದ ಬಟಾಣಿ ಗಾತ್ರದ ಮೆದುಳಿನ ತುಣುಕು ಬೆಳೆಸುವುದು 2013ರಿಂದ ಸಾಧ್ಯವಾಗಿದೆ. ಆದರೆ ಆ ತುಣುಕಿಗೆ ಸರಿಯಾದ ರಕ್ತನಾಳ ಇಲ್ಲ, ಎಂಬತ್ತು ವರ್ಷದ ವಯಸ್ಸೂ ಇಲ್ಲ. ಇತ್ತ ಇಲಿಯ ಜಾಗದಲ್ಲಿ ಮನೆಯ ನಾಯಿಯನ್ನೂ ನೋಡುತ್ತಿದ್ದಾರೆ, ನನಗೆ ಇದು ಬಹಳ ಹಿಡಿಸಿದ ದಾರಿ. ಅಮೈಲಾಯ್ಡ್ ಅನ್ನು ಸುಮಾರು 40 ಮಣಿಗಳ ಸರ ಅಂದುಕೊಂಡರೆ, ಇಲಿಯದರಲ್ಲಿ 3 ಮಣಿ ನಮ್ಮದಕ್ಕಿಂತ ಬೇರೆ, ನಾಯಿಯದರಲ್ಲಿ ಎಲ್ಲವೂ ನಮ್ಮವೇ. ಮುದಿ ನಾಯಿಗಳಿಗೆ ತಾನಾಗಿಯೇ ಮರೆವು ಬರುತ್ತದೆ. ರಾತ್ರಿ ನಿದ್ದೆಗೆಟ್ಟು ಅಲೆಯುತ್ತವೆ, ಗೊತ್ತಿರುವ ಮನೆಯೊಳಗೇ ದಾರಿ ತಪ್ಪುತ್ತವೆ. ಅವು ನಮ್ಮ ಜೊತೆಗೇ, ನಮ್ಮದೇ ಗಾಳಿ ಉಸಿರಾಡಿ ಬದುಕುತ್ತವೆ.

ಎಲ್ಲಕ್ಕಿಂತ ಕಡಿಮೆ ನಡೆದಿರುವುದು ನಮ್ಮಂಥ ಮನುಷ್ಯರ ಅಧ್ಯಯನ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುತ್ತಿದೆ. ರಕ್ತ, ಎಂಆರ್‌ಐ, ನೆನಪಿನ ಪರೀಕ್ಷೆ, ಎಲ್ಲವೂ. ಅಂಥದ್ದು ತೊಗರಿ ಸೀಮೆಗೂ ಬರಬೇಕು ಅನ್ನೋದು ನನ್ನ ಆಸೆ. ಇಲ್ಲಿಯ ಬಿಸಿಲು, ಇಲ್ಲಿಯ ದುಡಿಮೆ, ಇಲ್ಲಿಯ ಓದು ಬೇರೆ. ಇಲಿಯ ತಾಕಿನಿಂದ ಬಂದ ಉತ್ತರವನ್ನು ಹೊಲದಲ್ಲಿ ಹಚ್ಚಿ ನೋಡಬೇಕಾದರೆ ಮೊದಲು ಹೊಲ ಹೇಗಿದೆ ಅಂತ ಗೊತ್ತಿರಬೇಕಲ್ಲ.

ಕಾಕಾಗೆ ಕೊನೆಗೆ ಫೋನ್ ಮಾಡಿ ಹೇಳಿದೆ: ಆ ಸುದ್ದಿ ಸುಳ್ಳಲ್ಲ, ಆದರೆ ಅದು ಐದು ದೋಷ ತುಂಬಿದ ಇಲಿಯ ಸುದ್ದಿ. ಮನುಷ್ಯರ ಪ್ರಯೋಗ ಇನ್ನೂ ಶುರುವೇ ಆಗಿಲ್ಲ. ಇದ್ದ ಮದ್ದೂ ಕಾಯಿಲೆಯ ಆರಂಭದಲ್ಲಿರುವವರಿಗೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹಂಗಾದ್ರ ನಾವು ಏನ್ ಮಾಡಬೇಕಪ?" ಅಂದರು. ಆಯಿಯ ಕಿವಿ ತೋರಿಸೋಣ, ಬಿಪಿ ಮಾತ್ರೆ ತಪ್ಪದಂಗ ನೋಡೋಣ, ನಿಮ್ಮ ಸಕ್ಕರೆನೂ ಚೆಕ್ ಮಾಡಿಸ್ರಿ ಅಂದೆ. ಕಾಕಾಗೆ ಐವತ್ತೆಂಟು.

ಹೋದ ವಾರ ಕಿವಿಯ ಯಂತ್ರ ಬಂತು. ಆಯಿ ಅದನ್ನು ತೆಗೆದು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ, ಆಮೇಲೆ ಮನೆಯೆಲ್ಲ ಹುಡುಕುತ್ತಾಳೆ. ಸಂಜೆ ಬಾಗಿಲ ಹತ್ತಿರ ಬಂದು ನಿಲ್ಲುವುದು ನಿಂತಿಲ್ಲ. ಯಂತ್ರ ಕಿವಿಯಲ್ಲಿದ್ದ ದಿನ ಮಾತ್ರ ನನ್ನ ಉತ್ತರ ಕೇಳಿಸಿಕೊಂಡು, "ನಾಳಿ ಹೋಗೋಣೇನು?" ಅಂತ ತಿರುಗಿ ಕೇಳುತ್ತಾಳೆ.